ತಗಡಿನ ಚಾವಣಿಯ ಮೇಸ್ತ್ರಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಸ್ತ್ರಿಯ ಹೆಬ್ಬೆರಳಿನ ಉಗುರು ಚಾವಣಿಯ ತಗಡಿನ ಮೇಲೆ ನಿಂತುಬಿಟ್ಟಿತು. ಆಮೆಯ ಚಿಪ್ಪಿನಂತೆ ದಪ್ಪವಾಗಿ, ಹಳದಿಗಟ್ಟಿ, ನಡುವೆ ಸೀಳಿದ ಉಗುರು ಅದು. ತಗಡನ್ನು ಅದರಿಂದ ಮೀಟಿ, ಕಿವಿಗೊಟ್ಟು ಕೇಳಿ, ಆಮೇಲೆ ಮುಂದಕ್ಕೆ ಹೋಗುವುದು ಅವರ ಪದ್ಧತಿ. ಏಣಿಯ ಮೇಲಿದ್ದವರು ಅದೇ ಜಾಗವನ್ನು ಮತ್ತೊಮ್ಮೆ ಮೀಟಿದರು. ನಾನು ಗಡಿಯಾರ ನೋಡಿಕೊಂಡೆ. ಮರುದಿನ ಮಧ್ಯಾಹ್ನ ಉದ್ಘಾಟನೆ.

"ಸದ್ದು ಸರಿ ಇಲ್ಲ," ಎಂದರು. "ಮ್ಯಾಲೆ ಯಾವನೋ ಕೈ ಆಡ್ಸವ್ನೆ."

ತೊಂಬತ್ತರ ದಶಕದ ನಡುವಿನ ಮಾತು. ಸೇಲಂನಲ್ಲಿ ದೊಡ್ಡ ಮನುಷ್ಯರಿಗೆಂದೇ ಒಂದು ಏಸಿ ಹೋಟೆಲ್ ಸಿದ್ಧವಾಗುತ್ತಿತ್ತು. ಮೊದಲಾಳಿ, ಅಂದರೆ ಹೋಟೆಲಿನ ಮಾಲೀಕರು, ಸಿಂಗಪುರದಲ್ಲಿ ಎಲ್ಲೋ ಲೋಹದ ಚಾವಣಿ ನೋಡಿಬಂದು, ಅಂಥದ್ದೇ ಬೇಕೆಂದು ಹಟ ಹಿಡಿದಿದ್ದರು: ಎರಡಡಿ ಚೌಕದ ತಗಡುಗಳು, ಒಂದೊಂದರ ಮೇಲೂ ಅಚ್ಚೊತ್ತಿದ ಹೂವು, ಹಳೇ ತಾಮ್ರದ ಬಣ್ಣ. ಇಂಜಿನಿಯರಿಂಗ್ ಮುಗಿಸಿ ವರ್ಷವಾಗಿದ್ದ ನಾನು ಅಲ್ಲಿ ಕೆಲಸದ ಉಸ್ತುವಾರಿಗೆ ಇದ್ದೆ. ತಗಡು ಹೊಂದಿಸಲು ಬಂದವರು ಈ ಮೇಸ್ತ್ರಿ. ಕಂಬೈನಲ್ಲೂರಿನ ಕಡೆಯವರು, ಟ್ರಂಕು ಮತ್ತು ಕಾಳಿನ ಡಬ್ಬ ಮಾಡುತ್ತಾ ಕೈ ಪಳಗಿಸಿಕೊಂಡವರು. ಇಡೀ ಕಟ್ಟಡದಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ.

ಅದರಿಂದ ನನಗೇನೂ ಲಾಭವಾಗಲಿಲ್ಲ. ಬೈಗುಳವೆಲ್ಲ ಚೆನ್ನಾಗಿ ಅರ್ಥವಾಗುತ್ತಿತ್ತು, ಅಷ್ಟೆ. ಮೊದಲ ದಿನವೇ ನನ್ನ ಅಂಗೈ ಹಿಡಿದು, ಹೊಸ ತಗಡಿನ ಅಂಚನ್ನು ಅದರ ಮೇಲೆ ಮೆಲ್ಲಗೆ ಎಳೆದರು. ರಕ್ತ ಬಂತು. "ಇದು ತಗಡು. ಪುಸ್ತಕ್ದಾಗೆ ಇರಕಿಲ್ಲ. ಮರೀಬ್ಯಾಡ," ಎಂದು ತಮ್ಮ ಟವೆಲಿನ ತುದಿ ಹರಿದು ಕಟ್ಟಿದರು. ನಾನು ಏನು ಹೇಳಿದರೂ "ಇಂಜಿನೀರು ಏಳವ್ರೆ, ಕೈ ಮುಗೀರ್ಲಾ" ಎಂದು ಆಳುಗಳ ಕಡೆ ತಿರುಗಿ ಕೈ ಮುಗಿದು ತೋರಿಸುವರು. ಆಳುಗಳು ನಿಜವಾಗಿಯೂ ಕೈ ಮುಗಿದು ನಗುವರು.

ಕೆಲಸ ಮಾತ್ರ ನೋಡುವಂತಿತ್ತು. ಪ್ರತಿ ತಗಡಿನ ಅಂಚೂ ಪಕ್ಕದ್ದರ ಮೇಲೆ ಕೂರಬೇಕು, ಅದೂ ಬಾಗಿಲಿನಿಂದ ಬರುವವನ ಕಣ್ಣಿಗೆ ಸಂದು ಕಾಣದ ಹಾಗೆ. ಒಳಗಿನ ಗೋಡೆಯ ಹತ್ತಿರ ಕೊನೆಯ ಸಾಲು ಮುಗಿದಾಗ ಇಡೀ ಚಾವಣಿ ಒಂದೇ ತಟ್ಟೆಯಂತೆ ಕಂಡಿತು. ಆದರೆ ಹಾಗೆ ಹಾಕಿದ್ದನ್ನು ನಡುವೆ ಎಲ್ಲಿಯೂ ಬಿಚ್ಚುವಂತಿಲ್ಲ. ಕೊನೆಯಲ್ಲಿ ಕೂರಿಸಿದ್ದರಿಂದ ಶುರುಮಾಡಿ ಒಂದೊಂದಾಗಿ ಹಿಂದಕ್ಕೆ ಬಿಚ್ಚುತ್ತಾ ಬರಬೇಕು.

ಆ ದಿನ ಮೇಸ್ತ್ರಿ ಮೂಲೆಯ ಕಿಂಡಿಯಿಂದ ತಲೆ ತೂರಿಸಿ ನೋಡಿ, ಇಳಿದು, ಟಾರ್ಚನ್ನು ನನ್ನ ಕೈಗಿಟ್ಟರು. "ನೀನೂ ನೋಡು. ಆಮ್ಯಾಕೆ ಕುಡ್ದವ್ನೆ ಅಂದೀಯೆ."

ನೋಡಿದೆ. ಚೌಕಟ್ಟನ್ನು ಮೇಲಿನ ಕಾಂಕ್ರೀಟಿಗೆ ತೂಗುಹಾಕಿದ್ದ ಕಂಬಿಗಳಲ್ಲಿ ನಡುವಿನ ಆರನ್ನು ಏಸಿಯವರು ಕತ್ತರಿಸಿದ್ದರು. ತಮ್ಮ ಗಾಳಿ ಕೊಳವೆಗೆ ದಾರಿ ಸಾಲದೆ ಕತ್ತರಿಸಿ, ಆ ಕೊಳವೆಯನ್ನೂ ನಮ್ಮ ಚೌಕಟ್ಟಿನ ಮೇಲೆಯೇ ಹೊರಿಸಿ ಹೋಗಿದ್ದರು. ಕಂಬಿಗಳ ಕತ್ತರಿಸಿದ ತುದಿಗಳು ಹೊಸದಾಗಿ ಮಿನುಗುತ್ತಿದ್ದವು.

ಮೊದಲಾಳಿ ಬಂದರು. ಒಂದು ದಿನ ಬೇಕು, ಬಿಚ್ಚಿ ಮತ್ತೆ ಹಾಕುತ್ತೇನೆ ಎಂದರು ಮೇಸ್ತ್ರಿ. ಮೊದಲಾಳಿ ಅವರ ಮುಖವನ್ನೂ ನೋಡಲಿಲ್ಲ. "ಡಬ್ಬ ಬಡಿಯೋನ ಹತ್ತಿರ ಏನು ಮಾತು," ಎಂದು ತಮಿಳಿನಲ್ಲಿ ಹೇಳಿ ನನ್ನ ಕಡೆ ತಿರುಗಿದರು. "ನೀವು ಓದಿದವರು. ನಿಲ್ಲುತ್ತದೋ ಇಲ್ಲವೋ?"

"ನಿಲ್ಲುತ್ತೆ ಸಾರ್," ಎಂದೆ.

ಭಯದಿಂದ ಹಾಗೆಂದೆ ಎಂದು ಬಹಳ ಕಾಲ ನನಗೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮೇಸ್ತ್ರಿಯ ಮುಂದೆ ಒಂದು ಸಲವಾದರೂ ನನ್ನ ಮಾತು ನಡೆಯಲಿ ಎಂದಷ್ಟೇ ನನಗಿತ್ತು. ಮೇಸ್ತ್ರಿ ನನ್ನನ್ನು ನೋಡಿದರು. ಬೈಯಲಿಲ್ಲ. ಏಣಿ ಮಡಚಿದರು.

ಮರುದಿನ ಕೆಲಸದವರು ಯಾರೂ ಎದುರಿಗೆ ಕಾಣಬಾರದೆಂದು ಅಪ್ಪಣೆಯಾಗಿತ್ತು. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು ಬಂದು ಕೈ ತೊಳೆಯುವ ತೊಟ್ಟಿಯ ಪಕ್ಕ ನಿಂತಿದ್ದರು. ಊಟ ಆರಂಭವಾಯಿತು. ಏಸಿಯನ್ನು ಪೂರ್ತಿ ಜೋರಿನಲ್ಲಿ ಹಾಕಿದ್ದರು. ಎಲ್ಲರೂ ತಲೆಯೆತ್ತಿ ತಾಮ್ರದ ಹೂವುಗಳನ್ನು ತೋರಿಸಿಕೊಳ್ಳುತ್ತಿದ್ದರು. ಆ ಗದ್ದಲದಲ್ಲಿ ಮೇಲಿನಿಂದ ಬಂದ ಸಣ್ಣ ಟಿಕ್ ಎಂಬ ಸದ್ದು ಮೇಸ್ತ್ರಿಗೆ ಕೇಳಿಸಿತು. ನನಗೂ ಕೇಳಿಸಿತು.

ಅವರು ನೇರವಾಗಿ ನಡುವಿನ ಮೇಜಿಗೆ ಹೋಗಿ, ಒಬ್ಬ ಅಜ್ಜಿಯ ಕುರ್ಚಿಯನ್ನು ಅಜ್ಜಿಯ ಸಮೇತ ಹಿಂದಕ್ಕೆಳೆದರು. ತಟ್ಟೆ ಉರುಳಿತು. "ಎಳುಂದಿರಿಂಗ, ಎಲ್ಲಾರೂಂ!" ಎಲ್ಲರೂ ಏಳಿ ಎಂದು ತಮಿಳಿನಲ್ಲಿ ಕೂಗಿದರು. ಯಾರೋ ಕುಡುಕನೆಂದು ಅಜ್ಜಿಯ ಮನೆಮಂದಿ ಎದ್ದು ಓಡಿದರು. ಅಕ್ಕಪಕ್ಕದ ಮೇಜುಗಳೂ ಖಾಲಿಯಾದವು.

ಮೊದಲಾಳಿ ಕೂಗಾಡಲಿಲ್ಲ. ನಗುತ್ತಾ ಬಂದು, ಇಬ್ಬರು ಸರ್ವರ್‌ಗಳಿಂದ ಮೇಸ್ತ್ರಿಯ ತೋಳು ಹಿಡಿಸಿ, ಅದೇ ಮೇಜಿಗೆ ಕೂರಿಸಿದರು. "ಇವರೇ ಈ ಚಾವಣಿ ಹಾಕಿದ ಮೇಸ್ತ್ರಿ. ಇವರಿಗೇ ಇದರ ಮೇಲೆ ನಂಬಿಕೆಯಿಲ್ಲ. ಮೊದಲ ಊಟ ಇವರೇ ಮಾಡಲಿ, ಎಲ್ಲರೂ ನೋಡೋಣ." ಟೊಮೆಟೊ ಸೂಪು ಬಂತು. ಮೇಸ್ತ್ರಿ ಏಳಲು ಹೋದಾಗಲೆಲ್ಲ ಸರ್ವರ್‌ಗಳು ಭುಜ ಅದುಮಿದರು. ಚಮಚ ಕೈಗೆ ತುರುಕಿದರು. ಅವರು ಅದನ್ನು ಉಳಿಯಂತೆ ಮುಷ್ಟಿಯಲ್ಲಿ ಹಿಡಿದದ್ದು ಕಂಡು ಜನ ನಕ್ಕರು. ಮಕ್ಕಳು ಚಪ್ಪಾಳೆ ತಟ್ಟಿದವು.

ಮೇಸ್ತ್ರಿ ನನ್ನನ್ನು ಹುಡುಕಿ, ಕನ್ನಡದಲ್ಲಿ ಹೇಳಿದರು: "ಬಾಯಿ ಬಿಡ್ಲಾ. ಕಣ್ಣಾರೆ ನೋಡಿದ್ಯಲ್ಲ, ಬಾಯಿ ಬಿಡು."

ಆ ಮಾತು ಅರ್ಥವಾಗುವವನು ಅಲ್ಲಿ ನಾನೊಬ್ಬನೇ. ನಾನು ಕೈಯಲ್ಲಿದ್ದ ಫೈಲು ತೆರೆದು ನೋಡತೊಡಗಿದೆ.

ಬೀಳುವಾಗ ದೊಡ್ಡ ಶಬ್ದವೇನೂ ಆಗಲಿಲ್ಲ. ಮೊದಲು ಒಂದು ಚೌಕ ಕಿತ್ತು ಬಂತು. ಅಂಚಿಗೆ ಅಂಚು ಕೂತಿದ್ದರಿಂದ ಅದು ಪಕ್ಕದ್ದನ್ನು ಎಳೆಯಿತು, ಅದು ಇನ್ನೊಂದನ್ನು. ಹಿಂದೆಯೇ ಕೊಳವೆ. ಸರ್ವರ್‌ಗಳು ಪಕ್ಕಕ್ಕೆ ಹಾರಿದರು. ಮೇಸ್ತ್ರಿ ಮೇಜಿಗೂ ಕುರ್ಚಿಗೂ ನಡುವೆ ಸಿಕ್ಕಿಕೊಂಡಿದ್ದರು. ಈಗಲೂ ಮನಸ್ಸಿನಲ್ಲಿ ನಾನು ಆ ಫೈಲು ಮುಚ್ಚುತ್ತೇನೆ, ಎರಡು ಹೆಜ್ಜೆ ಮುಂದಿಡುತ್ತೇನೆ, ಕೂಗುತ್ತೇನೆ. ಹೊತ್ತು ಬೇಕಾದಷ್ಟಿತ್ತು. ಸೂಪು ಇನ್ನೂ ಆರಿರಲಿಲ್ಲ.

ಮೇಸ್ತ್ರಿಯ ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ವಾರದೊಳಗೆ ಮೊದಲಾಳಿ ಒಂದು ಕಾಗದ ಮಾಡಿಸಿದರು: ಮೇಸ್ತ್ರಿ ಕಂಬಿಗಳನ್ನು ಸರಿಯಾಗಿ ಕೂರಿಸಿರಲಿಲ್ಲ, ಅದರಿಂದ ಬಿತ್ತು. ಅದರ ಕೆಳಗೆ ನಾನು ಸಹಿ ಹಾಕಿದೆ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಟಿಕ್ ಎನ್ನುವುದು.

ನಾಲ್ಕು ತಿಂಗಳ ಮೇಲೆ ಮೇಸ್ತ್ರಿ ಬರಹೇಳಿದರು. ಬಸ್ಸು ಹಿಡಿದು ಹೋದೆ. ಅವರ ಹೆಂಡತಿ ಮಂಚದ ಪಕ್ಕ ಮಣೆ ಹಾಕಿ ಹೊರಗೆ ಹೋದರು. ಮೇಸ್ತ್ರಿಯ ಕಾಲುಗಳು ಒಣಹಾಕಿದ ಬಟ್ಟೆಯಂತೆ ಬಿದ್ದಿದ್ದವು.

"ನಿದ್ದೆ ಬತ್ತೈತಾ?"

"ಇಲ್ಲ ಮೇಸ್ತ್ರಿ."

"ಒಳ್ಳೇದಾತು." ಉಗುರಿನಿಂದ ಮಂಚದ ಚೌಕಟ್ಟನ್ನು ಮೀಟಿ ಹೇಳಿದರು: "ಕಾಲು ನೀ ಕೊಡಕಾಗಕಿಲ್ಲ, ಬುಡು. ನನ್ ಕೆಲ್ಸ ಸರಿ ಇತ್ತು ಅಂತ ಒಂದು ಪೇಪರ್‌ನಾಗೆ ಬರಿ. ಈ ಊರ್ನಾಗೆ ಒಂದು ಟ್ರಂಕ್ ರಿಪೇರಿಗೂ ಯಾರೂ ನಮ್ಮ ಮನೆ ಹತ್ರ ಬರಾಕಿಲ್ಲ ಈಗ. 'ಅವ್ನು ಹಾಕಿದ್ದೆಲ್ಲ ಬೀಳ್ತೈತೆ' ಅಂತಾರೆ. ಕಂಡಿಪ್ಪಾ, ತಪ್ದೆ ಬರೀತೀಯಾ?"

"ಬರೀತೀನಿ. ಮುಂದಿನ ವಾರ ತರ್ತೀನಿ."

"ಇಂಜಿನೀರು ಏಳವ್ರೆ," ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬರೆದರೆ ಮೊದಲ ಸಹಿ ಸುಳ್ಳೆಂದಾಗುತ್ತಿತ್ತು, ಕೆಲಸ ಹೋಗುತ್ತಿತ್ತು. ಹೀಗೆ ಏಳು ತಿಂಗಳು ಕಳೆದವು. ಅವರ ಕೆಲಸ ಸರಿಯಿತ್ತು. ಕಂಬಿಗಳನ್ನು ಏಸಿಯವರು ಕತ್ತರಿಸಿದ್ದರು, ಮೇಸ್ತ್ರಿ ಎಚ್ಚರಿಸಿದ್ದರು, ನಾನು ನೋಡಿದ್ದೆ. ಈ ನಾಲ್ಕು ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಓದಬೇಕಾದವರು ಇಲ್ಲ.

ಕಂಬೈನಲ್ಲೂರಿನಿಂದ ಬಂದ ಆಳೊಬ್ಬ ಒಂದು ಸಂಜೆ ಸೈಟಿನಲ್ಲಿ ಹೇಳಿದ, ಮೇಸ್ತ್ರಿ ಬೆಳಿಗ್ಗೆ ತೀರಿಕೊಂಡರೆಂದು. ನಾನು ಮನೆಗೆ ಬಂದೆ, ಉಂಡೆ, ಮಲಗಿದೆ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಕಾಫಿ ತಂದ ಅಮ್ಮ ನನ್ನ ಹಣೆ ಮುಟ್ಟಿ, "ಸದ್ಯ, ಇವತ್ತಾದ್ರೂ ನಿದ್ದೆ ಬಂತಲ್ಲಪ್ಪ," ಎಂದು ದೇವರಿಗೆ ಕೈ ಮುಗಿದಳು.