ತಸೋನಿ ಬಹೀಗಾ ಪರದೆಯ ಮುಂದೆ ಹೂಡಿದ ಯುದ್ಧ

ಮಲ್ಲವಿ ಪಟ್ಟಣದ ನಮ್ಮ ಇಗರ್ಜಿಯಲ್ಲಿ ತಸೋನಿ ಬಹೀಗಾ ಸಿಟ್ಟಿಗೆದ್ದರೆ ಪಾರಿವಾಳಗಳು ಗಂಟೆಗೋಪುರ ಬಿಟ್ಟು ಪಕ್ಕದ ಮಸೀದಿಯ ಮಿನಾರಿಗೆ ವಲಸೆ ಹೋಗುತ್ತವೆ. ತಸೋನಿ ಎಂದರೆ ಅಕ್ಕ. ಮಕ್ಕಳಿಗೆ ಧರ್ಮಪಾಠ ಹೇಳುವ ಹೆಂಗಸರನ್ನು ನಾವು ಹಾಗೆಯೇ ಕರೆಯುವುದು. ಬಹೀಗಾ ವಿಧವೆ, ಜೀವನಕ್ಕೆ ಹೊಲಿಗೆ. ಆರಾಧನೆಯಲ್ಲಿ ಹಾಡುವ ಹುಡುಗರ ಬಿಳಿ ನಿಲುವಂಗಿಗಳೆಲ್ಲ ಆಕೆಯ ಮೆಷಿನ್ನಿನಲ್ಲೇ ಹುಟ್ಟಿದವು.

ಆಕೆಯ ಸಿಟ್ಟಿಗೆ ಒಂದು ಮೂಲವಿದೆ. ಆಕೆಯ ಅಣ್ಣ ನಗೀಬ್ ಚಿಕ್ಕವನಿದ್ದಾಗ ಪಾಠದ ನಡುವೆ ಏನೋ ಕೇಳಿ ಕಪಾಳಕ್ಕೆ ತಿಂದಿದ್ದ. ಮತ್ತೆಂದೂ ಇಗರ್ಜಿಯೊಳಗೆ ಕಾಲಿಡಲಿಲ್ಲ. ತಾಯಿಯ ಶವ ಒಳಗಿದ್ದಾಗಲೂ ಬೀದಿಯಲ್ಲೇ ನಿಂತು ಸಿಗರೇಟು ಸೇದಿದ.

ಈ ಸಲ ಕೇಳಿದವನು ಸೆದ್ರಾಕ್, ಬಹೀಗಾಳ ತರಗತಿಯ ಹುಡುಗ, ನಮ್ಮಲ್ಲೆಲ್ಲ ಒಳ್ಳೆಯ ಕಂಠದವನು. "ಸಮಾಧಿಯ ಕಲ್ಲು ಉರುಳಿದ್ದನ್ನ ಯಾರೂ ನೋಡ್ಲಿಲ್ಲ. ಮತ್ತೆ ಸತ್ತ ಕರ್ತ ಎದ್ದು ಬಂದ ಅಂತ ನಾನು ಹೇಗೆ ನಂಬ್ಲಿ?" ಎಂದ. ಧರ್ಮಪಾಠದ ಮುಖ್ಯಸ್ಥ ಉಸ್ತಾದ್ ವಹೀಬ್ ಅವನ ನಿಲುವಂಗಿ ಕಿತ್ತುಕೊಂಡು ಬೀರುವಿಗೆ ಬೀಗ ಹಾಕಿದರು.

"ಅನುಮಾನ ಪೂರ್ತಿ ಹೋದ್ಮೇಲೆ ಬಂದು ತಗೊ."

"ನೀವೇ ಇಟ್ಕೊಳ್ಳಿ. ನಾನಿನ್ನು ಬರಲ್ಲ."

ಸುದ್ದಿ ಮುಟ್ಟಿದಾಗ ಬಹೀಗಾ ಉಪವಾಸದ ತಾಮಿಯಾ ವಡೆ ಕರಿಯುತ್ತಿದ್ದಳು. "ಹಸಿವು ಪೂರ್ತಿ ಹೋದ್ಮೇಲೆ ಊಟಕ್ಕೆ ಬಾ ಅಂದ್ನಾ ಆ ಮಹಾನುಭಾವ?" ಎಂದು ಒಲೆ ಆರಿಸಿದಳು. ಕೊರಳಿಗೆ ಅಳತೆಯ ಟೇಪು, ಕೈಯಲ್ಲಿ ಗುಂಡುಪಿನ್ನಿನ ಡಬ್ಬಿ, ರಥವಾಗಿ ಒಂದು ತುಕ್‌ತುಕ್. ದಾರಿಯಲ್ಲಿ ಸೆದ್ರಾಕನನ್ನು ಅವನಪ್ಪನ ಸೈಕಲ್ ಅಂಗಡಿಯಿಂದ ಯುದ್ಧಕೈದಿಯಂತೆ ಎತ್ತಿಹಾಕಿಕೊಂಡಳು. ಬಾಡಿಗೆ ಕೇಳುವ ಧೈರ್ಯ ಸಾರಥಿಗೆ ಬರಲಿಲ್ಲ.

ಇಗರ್ಜಿಯೊಳಗೆ ಪುನರುತ್ಥಾನದ ಹಬ್ಬಕ್ಕೆ ಅಭ್ಯಾಸ ನಡೆದಿತ್ತು. ಪರದೆ ಎಳೆದು ಅಬೂನಾ ಮಿತ್ತಾಉಸ್, ನಮ್ಮ ಪಾದ್ರಿ, ಗರ್ಭಗುಡಿಯೊಳಗೆ ನಿಲ್ಲುತ್ತಾರೆ. ಸಾವನ್ನು ಗೆದ್ದ ಅರಸ ಬಂದಿದ್ದಾನೆ, ಬಾಗಿಲು ತೆಗೆಯಿರಿ ಎಂದು ಹೊರಗಿನವನು ಹಾಡಬೇಕು. ಯಾರು ಈ ಅರಸ ಎಂದು ಅಬೂನಾ ಒಳಗಿನಿಂದ ಕೇಳಬೇಕು. ಸೆದ್ರಾಕ್ ಹಾಡಬೇಕಿದ್ದಲ್ಲಿ ವಹೀಬರೇ ನಿಂತು, ಎಣ್ಣೆ ಕಾಣದ ರಾಟೆಯಂತೆ ಕಿರುಗುಟ್ಟುತ್ತಿದ್ದರು. ನಾನು ತಾಳ ಹಿಡಿದಿದ್ದೆ. ಅಬೂನಾ ಒಳಗಿನಿಂದ ಪ್ರಶ್ನೆ ಹಾಡಿದ್ದೇ ತಡ—

"ನಿಲ್ಸಿ!" ಬಾಗಿಲಲ್ಲಿ ಬಹೀಗಾ, ಹಿಂದೆ ಸೆದ್ರಾಕ್. ನನ್ನ ತಾಳ ಕೈತಪ್ಪಿ ಬಿತ್ತು. "ಉಸ್ತಾದ್ ವಹೀಬ್, ಒಳಗೆ ಹೋಗಿ ಅಬೂನಾ ಅಂಗಿ ಬಿಚ್ಚಿಸ್ಕೊಂಡು ಬನ್ನಿ! ಯಾರವನು ಅಂತ ಅವರೂ ಕೇಳಿದ್ರು, ಎಲ್ರೂ ಕೇಳಿಸ್ಕೊಂಡಿದೀವಿ!"

ಪರದೆ ಸರಿಯಿತು. "ಬಹೀಗಾ, ಅದು ಹಾಡಲ್ಲಿದೆ ತಾಯಿ."

"ನೀವು ಉತ್ತರ ಗೊತ್ತಿದ್ದೂ ವರ್ಷ ವರ್ಷ ಕೇಳ್ತೀರಿ, ನಾವು ಮೇಣದಬತ್ತಿ ಹಿಡ್ಕೊಂಡು ನಿಲ್ತೀವಿ. ಈ ಮಗು ಗೊತ್ತಿಲ್ಲದೆ ಕೇಳಿದ್ರೆ ಬೀಗ! ನಮ್ಮಣ್ಣನಿಗೂ ಉತ್ತರ ಸಿಗ್ಲಿಲ್ಲ, ಏಟು ಸಿಕ್ತು. ಅವನ ಜಾಗ ಇನ್ನೂ ಖಾಲಿ ಇದೆ, ನೋಡಿ. ಇನ್ನೊಂದು ಖಾಲಿ ಮಾಡಿಸ್ತೀರಾ?"

"ತಸೋನಿ, ಒಬ್ಬನ್ನ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ," ಎಂದರು ವಹೀಬ್.

"ಕೇಳ್ಲಿ! ಕೇಳದೆ ನಿದ್ದೆ ಮಾಡೋರಿಗೆ ನಾನು ಇಷ್ಟು ವರ್ಷ ಪಾಠ ಮಾಡಿದ್ದು ಸಾಕಾಗಿದೆ."

ಅಬೂನಾ ಗಡ್ಡ ನೀವುತ್ತ ಹೊರಗೆ ಬಂದರು. ಆಮೇಲೆ ವಹೀಬರ ಮುಂದೆ ಕೈ ಚಾಚಿದರು: "ಬೀಗದ ಕೈ." ಸೆದ್ರಾಕನತ್ತ ತಿರುಗಿ, "ನಿನ್ನ ಬಾಯಿ ಮುಚ್ಚಿಸೋ ಉತ್ತರ ನನ್ನ ಹತ್ರ ಇಲ್ಲ, ಮಗಾ. ನಾನು ಯಾಕೆ ನಂಬ್ತೀನಿ ಅಂತ ಹೇಳಬಲ್ಲೆ. ಜಗಳಕ್ಕೆ ವಾರ ವಾರ ಬಾ," ಎಂದರು.

"ಹಬ್ಬದ ಹೊತ್ತಿಗೂ ನಂಬಿಕೆ ಬರದಿದ್ರೆ?"

"ನಂಬದೇ ಬಾಗಿಲು ತಟ್ಟು. ಒಳಗೆ ನಾನಿರ್ತೀನಲ್ಲ."

ಸೆದ್ರಾಕ್ ಹೊರಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಬೀರುವಿನಿಂದ ತೆಗೆದ ನಿಲುವಂಗಿಗೆ ತಲೆ ತೂರಿಸಿದ. ತೋಳು ಮೊಣಕೈವರೆಗೆ ಬಂದು ನಿಂತಿತು.

"ನೋಡಿ, ಹುಡುಗ ಬೆಳೆದದ್ದೂ ಇವರ ಕಣ್ಣಿಗೆ ಬಿದ್ದಿಲ್ಲ!" ಬಹೀಗಾಳ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. "ಕೈ ಎತ್ತು ಮಗಾ, ಮಡಿಕೆ ಬಿಚ್ಚಿಕೊಡ್ತೀನಿ. ಉಸ್ತಾದ್, ಸುಮ್ನೆ ನಿಂತಿದೀರಲ್ಲ, ಈ ಪಿನ್ನು ಹಿಡ್ಕೊಳ್ಳಿ."

ವಹೀಬ್ ಹಿಡಿದುಕೊಂಡರು.