ಮಾರಿ ಕಾಣದ ಫೋಟೋ

ಮೊಮ್ಮಗಳು ತನ್ನ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಹಿತ್ತಲ ಕಟ್ಟೆಯ ಮೇಲೆ ಒಣಗಲಿಕ್ಕೆ ಇಟ್ಟಿದ್ದಳು. ಅದರ ಪಾದಕ್ಕೆ ಹಸಿರು ಪಾಚಿ ಮೆತ್ತಿಕೊಂಡಿತ್ತು. ಒರೆಸೋಣ ಅಂತ ಬಗ್ಗಿದೆ ನೋಡ್ರಿ, ವಾಸನೆ ಮೂಗಿಗೆ ಬಡಿಯಿತು. ಹಸಿ ಕಲ್ಲು, ಕೊಳೆತ ಎಲೆ, ತಣ್ಣನೆ ನೀರು... ಸೊಗಲದ ವಾಸನೆ. ಎಷ್ಟೋ ವರ್ಷದ ಹಿಂದೆ ಇದೇ ವಾಸನೆಯ ಕಟ್ಟಿಗೆಯ ಸ್ಟ್ಯಾಂಡೊಂದು ಬೈಲಹೊಂಗಲದ ನಮ್ಮ ಓಣಿಯಾಗ, ಪಕ್ಕದ ಮನೆಯ ಗೋಡೆಗೆ ಒರಗಿರುತ್ತಿತ್ತು. ಒರೆಸುವ ಅರಿವೆ ಕೈಯಾಗೇ ಉಳಿಯಿತು.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದೀತು. ನನ್ನ ಮೊಮ್ಮಗಳು ತೆಗೆದ ಫೋಟೋ ಕಿತ್ತೂರಿನಾಗ ದೊಡ್ಡ ಹಾಲಿನ ಗೋಡೆಗೆ ಹಾಕಿದ್ದರು! ಬಾಗಿಲಷ್ಟು ದೊಡ್ಡದು. ಸೊಗಲದ ನೀರು ಬಂಡೆಯ ಮೇಲಿಂದ ಬೀಳುತ್ತದಲ್ಲ, ಅದು. ಬಂಡೆ ಮಾತ್ರ ಒಂದೊಂದು ಗೆರೆಯೂ ಎಣಿಸುವಂಗ ಸ್ವಚ್ಛ. ನೀರು ಹಿಂಜಿದ ಹತ್ತಿ. ಆ ನೀರಿನ ಮುಂದ ಯಾರದೋ ಕೂಸು ಓಡಿಹೋಗಿದೆ. ಕೂಸು ಅಂತ ತಿಳಿಯುವುದಿಲ್ಲ, ಒಂದು ಬಿಳಿ ಹೊಗೆ ಅಡ್ಡ ಎಳೆದಂಗ ಕಾಣುತ್ತದೆ. ಕೋಟು ಹಾಕಿದವರು, ಕನ್ನಡಕದವರು, ಎಲ್ಲ ಅದರ ಮುಂದೆಯೇ ಬಂದು ನಿಂತು ವಾಹ್ ಅಂದರು. ನನ್ನ ಮೊಮ್ಮಗಳಿಗೆ ಶಾಲು ಹೊದಿಸಿದರು. ನಾನು ಮೂರನೇತ್ತೆ ಸಾಲಿ ಕಲಿತಾಕಿ, ಮುಂದಿನ ಕುರ್ಚಿಯಾಗ ಕುಂತು ಕೈ ಕೆಂಪಾಗುವ ತನಕ ಚಪ್ಪಾಳೆ ಹೊಡೆದೆ. ಆಮೇಲೆ ಆ ಫೋಟೋದ ಹತ್ತಿರ ಹೋಗಿ ನಿಂತೆ. ನಿಂತವಳಿಗೆ ಬಾಯಿ ಕಹಿಯಾಯಿತು.

"ನೀರು ಹಿಂಗ ಹ್ಯಾಂಗ ಬಂತು?" ಅಂತ ಕೇಳಿದೆ.

"ಕ್ಯಾಮೆರಾದ ಕಣ್ಣು ಸ್ವಲ್ಪ ಹೊತ್ತು ತೆರದ ಇಡಬೇಕಜ್ಜಿ," ಅಂದಳು. "ನಿಂತದ್ದು ನಿಂತಂಗ ಬರ್ತೈತಿ, ಓಡೂದು ಓಡಿದಂಗ ಬರ್ತೈತಿ."

ಇದೇ ಮಾತನ್ನು ನಾನು ಮೊದಲೇ ಕೇಳಿದ್ದೆ.

ಪಕ್ಕದ ಮನೆಯವನನ್ನು ಓಣಿಯೆಲ್ಲ ಫೋಟೋದ ಕಾಕಾ ಅನ್ನುತ್ತಿತ್ತು. ಎದುರಿಗೆ ಮಾತ್ರ. ಹಿಂದೆ ಆಡುವ ಹೆಸರು ಬೇರೆ ಇತ್ತು, ಹೆಣದ ಫೋಟೋದಾಂವ. ನಮ್ಮ ಮಂದಿಯಾಗ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಗೋಡೆಗೆ ಆನಿಸಿ ಕುಂಡ್ರಿಸಿ, ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ, ಸುತ್ತ ಮನೆಯವರು ಕುಂತು ಒಂದು ಫೋಟೋ ತೆಗೆಸುತ್ತಾರೆ. ಆ ಕೆಲಸಕ್ಕೆ ಕಾಕಾನೇ ಬೇಕು. ಪಡಸಾಲಿಯ ಕತ್ತಲೆಯಾಗ ಬೆಳಕು ಸಾಲದೆ ಅವನು ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿಡುತ್ತಿದ್ದ. ಕೈಯಾಗ ಗಡಿಯಾರ ಇಲ್ಲ. ಹೊತ್ತು ಅಳೆಯಲಿಕ್ಕೆ ಬಾಯಾಗ ಶಿವಶಿವಾ, ಶಿವಶಿವಾ ಅಂತ ಮಣಮಣ ಮಾಡುತ್ತಿದ್ದ. ಕತ್ತಲೆಗೆ ತಕ್ಕಂಗ ಶಿವಶಿವಾ. ಎಂಥ ಭಕ್ತಿವಂತ ಅಂತ ಮಂದಿ ಕೈ ಮುಗಿಯುತ್ತಿದ್ದರು. ಫೋಟೋ ತೊಳೆದು ತಂದರೆ ಅಳುತ್ತ ಕುಂತವರೆಲ್ಲ ಅಲುಗಾಡಿ ಮಸಕು, ಸತ್ತವರೊಬ್ಬರೇ ಸ್ವಚ್ಛ.

ಆದರೆ ಅದೇ ಮಂದಿ ಲಗ್ನಕ್ಕೆ, ತೊಟ್ಟಿಲಿಗೆ ಅವನನ್ನು ಕರೆಯುತ್ತಿರಲಿಲ್ಲ. ಹೆಣ ನೋಡಿದ ಕಣ್ಣಿನಿಂದ ಮದುಮಗಳನ್ನು ನೋಡಬಾರದಂತೆ! ಹಂಗಾಗಿ ಕಾಕಾ ಸೈಕಲ್ಲಿಗೆ ಸ್ಟ್ಯಾಂಡು ಕಟ್ಟಿಕೊಂಡು ಊರು ಬಿಟ್ಟು ಹೊರಡುತ್ತಿದ್ದ. ತೊರಗಲ್ಲಿನ ಕೋಟೆ, ಹೂಲಿಯ ಗುಡಿಗಳು, ಯರಗಟ್ಟಿಯ ಪ್ಯಾಟಿಯಾಗ ಚೀಲ ಹೊತ್ತು ಓಡುವ ಹಮಾಲರು, ಎಲ್ಲಕ್ಕಿಂತ ಹೆಚ್ಚು ಸೊಗಲದ ನೀರು. ಬಂದ ಮೇಲೆ ಫೋಟೋ ಹಗ್ಗಕ್ಕೆ ನೇತುಹಾಕಿ, ಗೋಡೆಯ ಮೇಲಿಂದ ನನಗೆ ತೋರಿಸುತ್ತಿದ್ದ. ನನ್ನ ಅತ್ತಿ ಒಮ್ಮೆ ಅಂದಳು, "ಏನೋ ಎಪ್ಪಾ, ಕಲ್ಲಿನ ಫೋಟೋ ತಗದ ಏನ್ಮಾಡ್ತಿ? ಕಲ್ಲೇನ ಸಾಯ್ತೈತೇನು?"

"ಸಾಯೂದಿಲ್ಲಂತನ ತಗೀತೇನಬೇ," ಅಂದ ಕಾಕಾ. "ಬ್ಯಾಸರಾಗೇತಿ ನನಗ."

ಅತ್ತಿ ನಕ್ಕಳು. ಆಗ ಇನ್ನೂ ನಗುತ್ತಿದ್ದಳು...

ಒಂದು ಶ್ರಾವಣ ಸೋಮವಾರ ನಾವೆಲ್ಲ ಸೊಗಲಕ್ಕೆ ಸೋಮೇಶ್ವರನ ದರ್ಶನಕ್ಕೆ ಹೋಗಿದ್ದೆವು. ನನ್ನ ಹಿರಿ ಮಗಳಿಗೆ ಆಗ ನಾಲ್ಕು ವರ್ಷ. ಕಾಲಾಗ ಬೆಳ್ಳಿ ಗೆಜ್ಜೆ. ಒಂದು ಕಡೆ ನಿಲ್ಲಿಸಿದರೆ ನಿಲ್ಲುವ ಕೂಸಲ್ಲ, ಎಡ ಹೆಗಲು ತುಸು ತಗ್ಗಿಸಿ ಗಾಳಿಗೆ ಬಿದ್ದಂಗ ಓಡುತ್ತಿದ್ದಳು. ಬುತ್ತಿ ಬಿಚ್ಚಿ ಕುಂತಿದ್ದೆವು. ಎದುರಿಗೆ ಕಾಕಾ ನೀರಿಗೆ ಕ್ಯಾಮೆರಾ ಹಚ್ಚಿ ಶಿವಶಿವಾ ಅನ್ನುತ್ತಿದ್ದ. ಮೋಡ ಕವಿದಿತ್ತು. ಕೂಸು ಒಮ್ಮೆಲೆ ಎದ್ದು, ಖಿಲಖಿಲ ನಗುತ್ತ, ಅವನ ಕ್ಯಾಮೆರಾದ ಮುಂದೆ ಹಾಯ್ದು ಓಡಿತು.

ವಾರ ಬಿಟ್ಟು ಆ ಫೋಟೋ ನನ್ನ ಕೈಗೆ ಕೊಟ್ಟ. ಬಂಡೆ ಸ್ವಚ್ಛ, ನೀರು ಹತ್ತಿ, ನಡುವೆ ಒಂದು ಬಿಳಿ ಹೊಗೆ. ಹೊಗೆಯ ಕೆಳಗೆ ಸಣ್ಣದೊಂದು ಮಿಂಚಿನ ಗೆರೆ. ಅದು ಗೆಜ್ಜೆ.

"ನಿನ್ನ ಮಗಳು ನಿಂದ್ರಲಿಲ್ಲ ತಂಗಿ," ಅಂದ. "ನಿಂತಿದ್ರ ಮಾರಿ ಬರ್ತಿತ್ತು. ಓಡೂದು ಬರ್ತಿದ್ದಿಲ್ಲ. ಇದು ಓಡೂದು."

ನನಗೆ ಕುಣಿಯಬೇಕು ಅನಿಸಿತು. ಆ ತಗ್ಗಿದ ಎಡ ಹೆಗಲು, ಆ ಧಾವತಿ, ಹೊಗೆಯಾಗೂ ನನ್ನ ಕೂಸೇ! ಆದರೆ ಅತ್ತಿ ಫೋಟೋ ಕಸಗೊಂಡು ಬೆಳಕಿಗೆ ಹಿಡಿದು ನೋಡಿದಳು. ಮುಖ ಕಪ್ಪಿಟ್ಟಿತು. "ಕಲ್ಲು ಕಾಣ್ತೈತಿ, ಗಿಡ ಕಾಣ್ತೈತಿ, ಕೂಸು ಯಾಕ ಕಾಣವಲ್ದು? ಇವ ಏನ ಮಣಮಣ ಅಂತಿದ್ದ ಅಲ್ಲಿ?"

ದಸರೆಯ ಹೊತ್ತಿಗೆ ಕೂಸಿಗೆ ಜ್ವರ ಬಂತು. ಸವದತ್ತಿಯ ಡಾಕ್ಟರ ಕಡೆ ಒಯ್ದೆವು, ಸೂಜಿ ಹಾಕಿಸಿದೆವು. ಉಳಿಯಲಿಲ್ಲ.

ಮಣ್ಣಿಗೆ ಒಯ್ಯುವ ಮೊದಲು ಕೂಸನ್ನು ಕುಂಡ್ರಿಸಿದರು. ಕಾಕಾ ಬಾಗಿಲಿಗೆ ಬಂದು ನಿಂತಿದ್ದ, ಕ್ಯಾಮೆರಾ ತಂದಿರಲಿಲ್ಲ, ಬರಿಗೈಯಿಂದ. ಅತ್ತಿ ಅವನನ್ನು ನೋಡಿ ಚೀರಿದಳು. ಸೊಗಲದಾಗ ಮಂತ್ರ ಹಾಕಿ ಜೀವ ಎಳೆದುಕೊಂಡ, ಅದಕ್ಕೇ ಫೋಟೋದಾಗ ಕೂಸಿನ ಬದಲು ಹೊಗೆ ಬಂತು ಅಂದಳು. ಸತ್ತವರ ಮುಂದೆ ಅಂದರೆ ಭಕ್ತಿಯಾಗಿದ್ದ ಶಿವಶಿವಾ, ಬದುಕಿದ ಕೂಸಿನ ಮುಂದೆ ಅಂದದ್ದಕ್ಕೆ ಮಾಟವಾಯಿತು! ನನ್ನ ಮೈದುನ ಪಕ್ಕದ ಮನೆಗೆ ನುಗ್ಗಿ ಆ ಕಟ್ಟಿಗೆ ಸ್ಟ್ಯಾಂಡಿನ ಕಾಲು ಮುರಿದು ಓಣಿಗೆ ಒಗೆದ. ಅತ್ತಿ ಫೋಟೋ ಒಲಿಗೆ ಹಾಕಿದಳು. ನಾನು ಬ್ಯಾಡ ಬ್ಯಾಡ ಅಂತ ಒಲಿಗೆ ಕೈ ಹಾಕಿದೆ, ಹೆಂಗಸರು ಹಿಡಿದುಕೊಂಡರು. ಬಸ್ ಸ್ಟ್ಯಾಂಡಿನ ಕಡೆಯಿಂದ ಬೇರೆ ಒಬ್ಬನನ್ನು ಕರೆಸಿದರು. ಅವನು ಫಳ್ ಅಂತ ಬೆಳಕು ಹೊಡೆದು, ಒಂದು ಕ್ಷಣದಾಗ ತೆಗೆದು ಹೋದ.

ಆ ಫೋಟೋ ಇನ್ನೂ ನಮ್ಮ ಪಡಸಾಲಿಯ ಗೋಡೆಯ ಮೇಲಿದೆ. ಬಂದವರು ನೋಡಿ ಅನ್ನುತ್ತಾರೆ, ಎಷ್ಟು ಛಲೋ ಬಂದೈತಿ, ಎಷ್ಟು ಸ್ವಚ್ಛ ಐತಿ. ಹೌದು. ಒಂದು ಕೂದಲೂ ಅಲುಗಾಡಿಲ್ಲ. ಹುಟ್ಟಿದಾಗಿನಿಂದ ನನ್ನ ಮಗಳು ಅಷ್ಟು ಸುಮ್ಮನೆ ಕುಂತದ್ದು ಅದೊಂದೇ ಸಲ.

ಆಮೇಲೆ ಕಾಕಾನನ್ನು ಹೆಣಕ್ಕೂ ಯಾರೂ ಕರೆಯಲಿಲ್ಲ. ಮನೆ ಖಾಲಿ ಮಾಡಿ ರಾಮದುರ್ಗದ ಮಗಳ ಮನೆಗೆ ಹೋದ. ಅಲ್ಲಿ ಯಾವುದೋ ಅಂಗಡಿಯಾಗ ದೇವರ ಪಟಕ್ಕೆ ಕಟ್ಟು ಹಾಕುವ ಕೆಲಸಕ್ಕೆ ನಿಂತನಂತೆ. ಬಹಳ ವರ್ಷದ ಮೇಲೆ ಯರಗಟ್ಟಿಯ ಬಸ್ ಸ್ಟ್ಯಾಂಡಿನಾಗ ಎದುರಾದ. ಬೆನ್ನು ಬಾಗಿತ್ತು. ನನ್ನನ್ನು ನೋಡಿ ಮಾರಿ ತಿರುವಿದ, ಬೈಲಹೊಂಗಲದವರಿಗೆ ಹೆದರುವ ರೂಢಿ ಆಗಿತ್ತೋ ಏನೋ. ನಾನೇ ಹೋಗಿ ಕಾಲು ಮುಟ್ಟಿದೆ.

ಕೈ ಹಿಡಿದು ಎಬ್ಬಿಸಿ ಅಂದ, "ಆ ಫೋಟೋದ ನೆಗೆಟಿವ್ ಐತಿ ತಂಗಿ. ಇಟ್ಟೇನಿ. ನೀ ಬಾ, ಇನ್ನೊಂದು ತೊಳದ ಕೊಡತೇನಿ."

ಬಸ್ಸು ಬಂತು, ಅವನು ಹತ್ತಿದ. ನಾನು ಹದಿನೈದು ದಿನ ಮನೆಯವರನ್ನು ಕಾಡಿ ಬೇಡಿ ರಾಮದುರ್ಗಕ್ಕೆ ಹೋದೆ. ಹೋದರೆ ಅವನ ಮಗಳು ಅಳುತ್ತ ಎದುರಿಗೆ ಬಂದಳು. ಕಾಕಾ ತೀರಿಹೋಗಿ ವಾರವಾಗಿತ್ತು. ಅಳಿಯ ಸಾಮಾನು ಹಸನು ಮಾಡಿದ್ದ. ಹಳೆ ಫಿಲ್ಮಿನಾಗ ಬೆಳ್ಳಿ ಇರುತ್ತದಂತೆ, ಕುದಿಸಿ ತೆಗೆಯುವವರು ಬರುತ್ತಾರಂತೆ. ಪೆಟಗಿ ಸಹಿತ ತೂಕಕ್ಕೆ ಹಾಕಿ ಕೊಟ್ಟುಬಿಟ್ಟಿದ್ದ.

ಕೋಟೆ, ಗುಡಿ, ಹಮಾಲರು, ನೀರು, ನನ್ನ ಕೂಸು... ಎಲ್ಲ ಕುದಿದು ಯಾರ ಮಗಳ ಕಾಲ ಗೆಜ್ಜೆಯಾಯಿತೋ.

ಕಾಕಾನದೊಂದು ಫೋಟೋ ಆದರೂ ಕೊಡವ್ವಾ ಅಂದೆ. ಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂದಳು, "ಯಾರ ತಗೀಬೇಕ್ರಿ ಅವರದು?"

ಈಗ ಅದೇ ಹೊಗೆಗೆ ಕಿತ್ತೂರಿನಾಗ ಶಾಲು ಹೊದಿಸುತ್ತಾರೆ. ನನ್ನ ಮೊಮ್ಮಗಳಿಗೆ ಹೊದಿಸಿದರು, ನನಗೆ ಅದಕ್ಕಿಂತ ಹೆಚ್ಚೇನು ಬೇಕು, ನೂರು ಶಾಲು ಹೊದಿಸಲಿ. ಆದರೆ ಅವನಿಗೆ ಏನು ಹೊದಿಸಿದಿರಿ ಅಂತ ಯಾರನ್ನು ಕೇಳಲಿ? ಅತ್ತಿಯೂ ಇಲ್ಲ, ಮೈದುನನೂ ಇಲ್ಲ. ಇಬ್ಬರೂ ಗೋಡೆಯ ಮೇಲೆ ಸ್ವಚ್ಛಾಗಿ ಕುಂತಿದ್ದಾರೆ.

ಸ್ಟ್ಯಾಂಡಿನ ಪಾಚಿ ಒರೆಸಿಟ್ಟು ಮೊಮ್ಮಗಳನ್ನು ಕೇಳಿದೆ, "ನಿನ್ನ ಫೋಟೋದಾಗ ಓಡಿದ ಕೂಸು ಯಾರದು?"

"ಯಾರಿಗ್ಗೊತ್ತಜ್ಜಿ! ನಾ ತಲಿ ಎತ್ತೂದ್ರಾಗ ಹಾರಿಹೋಗಿತ್ತು."

"ಅದರ ತಾಯಿಗೊಂದು ಕಾಪಿ ಕೊಟ್ಟಿ?"

ಕೊಟ್ಟಿರಲಿಲ್ಲ. ಪುಟ್ಟದೊಂದು ಕಾಪಿ ಮಾಡಿಸಿಕೊಂಡೆ. ಮೊನ್ನೆ ಸೋಮವಾರ ಇಬ್ಬರೂ ಸೊಗಲಕ್ಕೆ ಹೋದೆವು. ಮೆಟ್ಟಿಲು ಹತ್ತಲಿಕ್ಕೆ ಮೊಣಕಾಲು ಬರಲಿಲ್ಲ, ಕೆಳಗೆ ಕುಂತು ಹಾದುಹೋಗುವ ಹೆಂಗಸರಿಗೆಲ್ಲ ಫೋಟೋ ತೋರಿಸಿದೆ. ಕೆಲವರು ನಕ್ಕರು. ಕಾಯಿ ಮಾರುವಾಕಿ ಕೈಗೆ ತಗೊಂಡು ತಿರುವಿ ಮುರುವಿ ನೋಡಿದಳು.

"ಯವ್ವಾ, ಇದ ಕೂಸ? ನಾ ಊದಬತ್ತಿ ಹೊಗಿ ಅಂದ್ನಿ. ಮಾರೀನ ಇಲ್ಲಲ್ಲಬೇ, ಯಾರದಂತ ಗುರ್ತ ಹಿಡೀಬೇಕು?"

"ನೀ ಹಿಡಿಯೂದ ಬ್ಯಾಡ," ಅಂದೆ. "ಹಡದಾಕಿ ಹಿಡೀತಾಳ."

ಸಂಜೆಯ ಬಸ್ಸಿನ ತನಕ ಕುಂತೆವು. ಹಡದಾಕಿ ಬರಲಿಲ್ಲ. ಫೋಟೋ ಸೆರಗಿನಾಗ ಸುತ್ತಿಕೊಂಡು ಮರಳಿ ತಂದಿದ್ದೇನೆ. ಬರುವ ಸೋಮವಾರ ಮತ್ತೆ ಹೋಗುತ್ತೇನೆ. ಅಲ್ಲಿಯ ತನಕ ಅದು ನನ್ನ ದಿಂಬಿನ ಕೆಳಗಿದೆ. ಬೆಳಗ್ಗೆ ಎದ್ದು ತೆಗೆದು ನೋಡುತ್ತೇನೆ. ಓಡುವ ಹೊಗೆಯಾಗ ಎಡ ಹೆಗಲು ಹುಡುಕುತ್ತೇನೆ... ತಗ್ಗಿಲ್ಲ. ಇದು ಯಾರದೋ ಕೂಸು.