ಗಯಾಸುದ್ದೀನನಿಗೆ ಬಂದ ಕರೆ

ನನಗೆ ಸಿಟ್ಟು ಬೇಗ ಬರುತ್ತದೆ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದವನು ನಾನು, ದಿಗಂಬರ. ಸಿಟ್ಟಿಲ್ಲದೆ ಆ ಕೆಲಸ ಆಗುವುದಿಲ್ಲ. ಆದರೆ ಕಳೆದ ಹತ್ತು ವರ್ಷ ಒಂದೇ ವಿಷಯಕ್ಕೆ ಕುದಿಯುತ್ತಿದ್ದೆ: ಗಯಾಸುದ್ದೀನನನ್ನು ದೇಶದ ಅಂಧರ ಕ್ರಿಕೆಟ್ ತಂಡಕ್ಕೆ ಮತ್ತೆ ಯಾಕೆ ಕರೆಯುತ್ತಿಲ್ಲ?

ಗಯಾಸುದ್ದೀನ್ ನನ್ನ ಹಳೇ ವಿದ್ಯಾರ್ಥಿ, ಈಗ ಹುಮನಾಬಾದಿನ ಹಿಟ್ಟಿನ ಗಿರಣಿಯಲ್ಲಿ ಕೆಲಸಗಾರ. ಹುಟ್ಟಿನಿಂದಲೇ ಕಣ್ಣು ಮಂದ. ಮನುಷ್ಯರು ನೆರಳಾಗಿ ಕಾಣುತ್ತಿದ್ದರು, ಚೆಂಡು ಬಿಳಿ ಚುಕ್ಕೆಯಾಗಿ. ಅಷ್ಟೇ ಕಣ್ಣಿನಲ್ಲಿ ಅವನು ಭಾರತಕ್ಕೆ ನಾಲ್ಕು ಪಂದ್ಯ ಆಡಿದ, ಒಂದರಲ್ಲಿ ಎಪ್ಪತ್ತೊಂದು ರನ್ ಹೊಡೆದ. ಐದನೇ ಪಂದ್ಯಕ್ಕೆ ಹೆಸರೇ ಇಲ್ಲ. ಕೇಳಿದರೆ ಹೊಸ ಹುಡುಗರು ಬಂದಿದ್ದಾರಂತೆ. ಎಪ್ಪತ್ತೊಂದು ಹೊಡೆದವನಿಗೆ ಹೇಳುವ ಮಾತೇ ಇದು? ಅವನು ಮಾತ್ರ ತಕರಾರಿಲ್ಲದೆ ಗಿರಣಿಗೆ ಮರಳಿದ. ಕಾಳು ಸುರಿಯುವುದು, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುವುದು, ‘ಇದು ರೊಟ್ಟಿಗಿ ಆಗಂಗಿಲ್ರಿ, ಇನ್ನೊಮ್ಮೆ ಹಾಕ್ತೀನಿ’ ಅನ್ನುವುದು. ಪಕ್ಕದ ಓಣಿಯಲ್ಲಿ ಇನ್ನೊಂದು ಗಿರಣಿ ಇದ್ದರೂ ಹೆಂಗಸರು ಬರುತ್ತಿದ್ದದ್ದು ಇವನ ಕಡೆಗೇ.

ನಾನು ಬಿಡಲಿಲ್ಲ. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ಅವನಿಗೆ ಬೌಲಿಂಗ್ ಮಾಡುತ್ತಿದ್ದೆ. ಅಂಧರ ಕ್ರಿಕೆಟ್ಟಿನ ಚೆಂಡು ಪ್ಲಾಸ್ಟಿಕ್ಕಿನದು. ಒಳಗೆ ಗುಂಡುಗಳಿದ್ದು, ಉರುಳಿದರೆ ಗಲಗಲ ಸದ್ದು ಮಾಡುತ್ತದೆ. ಬೌಲರ್ ‘ರೆಡಿ?’ ಎಂದು ಕೇಳಬೇಕು, ಬ್ಯಾಟ್ಸ್‌ಮನ್ ‘ಯೆಸ್’ ಅಂದ ಮೇಲೆ ‘ಪ್ಲೇ’ ಎಂದು ಕೂಗಿ ಚೆಂಡು ಬಿಡಬೇಕು. ಗಯಾಸ್ ಮೊಣಕಾಲೂರಿ ಸ್ವೀಪ್ ಹೊಡೆದನೆಂದರೆ ಅದು ಮೈದಾನದ ಕಂಪೌಂಡಿಗೇ ಹೋಗಿ ಬಡಿಯುತ್ತಿತ್ತು. ನಲವತ್ತೊಂದನೇ ವಯಸ್ಸಿನಲ್ಲೂ! ಈ ಬೇಸಿಗೆಯಲ್ಲಿ ಅವನ ಮಗಳು ನೂರೀನ್‌ಳ ಕೈಗೆ ಮೊಬೈಲು ಕೊಟ್ಟು ವಿಡಿಯೋ ಮಾಡಿಸಿ ಆಯ್ಕೆ ಸಮಿತಿಗೆ ಕಳಿಸಿದೆ. ಕೆಳಗೆ ‘ಕಣ್ಣಿದ್ದರೆ ನೋಡಿ’ ಎಂದು ಬರೆದೆ. ನನ್ನ ಕೈಗಿಷ್ಟು ಬೆಂಕಿ ಬೀಳ.

ಹತ್ತು ದಿನಕ್ಕೆ ಫೋನ್ ಬಂತು. ಆಗ ನಾನು ಗಿರಣಿಯಲ್ಲೇ ಇದ್ದೆ. ಗಯಾಸನ ಹೆಂಡತಿ ಸೈಮಾ ಮಧ್ಯಾಹ್ನದ ಬುತ್ತಿ ತಂದಿದ್ದಳು. ಮಾಲೀಕ ಅಬ್ದುಲ್ ಕರೀಂ ಸೇಠರು ಮೋಟಾರು ಬಂದ್ ಮಾಡಿದರು. ಎಲ್ಲರಿಗೂ ಕೇಳಲಿ ಅಂತ ನಾನು ಸ್ಪೀಕರ್ ಹಾಕಿದೆ.

‘ವಿಡಿಯೋ ನೋಡಿದೆವು ಸರ್. ನಿಮ್ಮ ಹುಡುಗ ನಮಗೆ ಬೇಕು,’ ಎಂದರು ಸಮಿತಿಯವರು.

ನಾನು ಕುಣಿದೇಬಿಟ್ಟೆ. ಸೇಠರು ‘ಮುಬಾರಕ್ ಹೋ!’ ಎಂದು ಗಯಾಸನ ಬೆನ್ನಿಗೆ ಬಾರಿಸಿದರು.

‘ಬಿ-1 ಆಟಗಾರನಾಗಿ,’ ಎಂದಿತು ಫೋನು.

ಬಿ-1 ಎಂದರೆ ಪೂರ್ತಿ ಕಾಣದವರು. ಪ್ರತಿ ತಂಡದಲ್ಲೂ ಅಂಥವರು ನಾಲ್ವರಾದರೂ ಇರಬೇಕು. ಅವರು ಹೊಡೆದ ಒಂದು ರನ್ನಿಗೆ ಎರಡರ ಲೆಕ್ಕ. ಗಯಾಸ್ ಆಡಿದ್ದು ಬಿ-2ರಲ್ಲಿ, ಅಷ್ಟಿಷ್ಟು ಕಾಣುವವರ ಗುಂಪಿನಲ್ಲಿ.

‘ಏನ್ರಿ ಮಾತಾಡಾಕತ್ತೀರಿ? ಅವಗ ಕಾಣ್ತದ!’ ಎಂದು ರೇಗಿದೆ.

‘ಏಳನೇ ಚೆಂಡು ಇನ್ನೊಮ್ಮೆ ನೋಡಿ ಸರ್. ಬಿ-2ರಲ್ಲಿ ಜಾಗ ಇಲ್ಲ. ಬಿ-1ಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು,’ ಎಂದು ಅವರು ಫೋನ್ ಇಟ್ಟರು.

ನಾನು, ಸೇಠರು, ಸೈಮಾ ಮೊಬೈಲಿನ ಮೇಲೆ ಬಗ್ಗಿ ನೋಡಿದೆವು. ಗಯಾಸ್ ‘ಯೆಸ್’ ಅನ್ನುತ್ತಾನೆ. ಅಷ್ಟರಲ್ಲಿ ಒಂದು ಎಮ್ಮೆ ನಮ್ಮಿಬ್ಬರ ನಡುವೆ ನುಗ್ಗುತ್ತದೆ. ನಾನು ಬಾಯಿ ಬಿಡದೆ ಕೈ ಎತ್ತಿ ಅವನಿಗೆ ‘ತಾಳು’ ಎಂದು ಸನ್ನೆ ಮಾಡುತ್ತೇನೆ, ಎಮ್ಮೆಯ ಹಿಂದೆ ಓಡಿ ಬೌಂಡರಿಯಾಚೆ ಅಟ್ಟುತ್ತೇನೆ. ಗಯಾಸ್ ಬ್ಯಾಟು ಹಿಡಿದು ಬಾಗಿ, ನಾನಿಲ್ಲದ ಜಾಗಕ್ಕೆ ಮುಖ ಮಾಡಿ ಕಾಯುತ್ತಲೇ ಇದ್ದಾನೆ. ಪೂರ್ತಿ ಅರ್ಧ ನಿಮಿಷ. ಅದನ್ನೇ ನಾನು ಹತ್ತು ಮಂದಿಗೆ ತೋರಿಸಿ, ‘ಏಕಾಗ್ರತಾ ಅಂದ್ರ ಇದು ನೋಡ್ರಿ’ ಅಂದಿದ್ದೆ.

ವಾರವಾರ ಎದುರಿಗೆ ನಿಂತವನು ನಾನು. ಅರ್ಧ ಕಾಣುವುದಿಲ್ಲ ಎಂದು ಗೊತ್ತಿತ್ತಲ್ಲ, ಉಳಿದರ್ಧ ಹೋದದ್ದನ್ನು ನಾವ್ಯಾರೂ ಗಮನಿಸಿಯೇ ಇರಲಿಲ್ಲ.

‘ಯಾ ಅಲ್ಲಾ!’ ಸೇಠರು ಕಾಳಿನ ಚೀಲದ ಮೇಲೆ ಕುಸಿದು ಕುಳಿತರು. ‘ದಿನಾ ಬೆಲ್ಟಿನ ಬಾಜೂಕ ನಿಂದ್ರತಾನ್ರಿ ಮಾಸ್ತರ್, ತಿರಗೋ ಬೆಲ್ಟಿನ ಬಾಜೂಕ!’

ಸೈಮಾ ಬುತ್ತಿ ಕೆಳಗಿಟ್ಟು ಗಂಡನತ್ತ ತಿರುಗಿದಳು. ‘ಈದಿಗಿ ನಾ ಕೆಂಪ ಡ್ರೆಸ್ ಹಾಕ್ಕೊಂಡಿದ್ದೆ. ಹಸಿರ ಛಲೋ ಕಾಣ್ತದ ಅಂದ್ರಿ ನೀವು. ಚ್ಯಾಷ್ಟಿ ಮಾಡಾಕತ್ತೀರಿ ಅಂತ ನಾ ನಕ್ಕೆ. ನಕ್ಕೆನಲ್ರಿ ನಾ!’

‘ಕಾಣ್ತದ ನನಗ!’ ಗಯಾಸ್ ಕೂಗಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ‘ಥೋಡೆ ಮಬ್ಬಾಗ್ಯದ, ಅಷ್ಟ. ಡಾಕ್ಟರ್ ಕಡಿ ನಡೀರಿ ಮಾಸ್ತರ್, ತೋರಸ್ತೀನಿ. ಕುರುಡಾ ಅಂತ ಬರಸ್ಕೊಂಡು ಆಡಂಗಿಲ್ಲ ನಾ.’

ಎಂಥ ಇಕ್ಕಟ್ಟು ನೋಡಿ. ಕಾಣುತ್ತದೆ ಎಂದು ಸಾಬೀತಾದರೆ ಭಾರತದ ತಂಡ ಹೋಯಿತು. ಕಾಣುವುದಿಲ್ಲ ಎಂದಾದರೆ ಅವನು ಹಿಡಿದುಕೊಂಡಿದ್ದ ಆ ಚೂರು ಆಸೆ ಹೋಯಿತು. ಗಯಾಸ್, ಸೈಮಾರ ಜೊತೆ ಕಲಬುರಗಿಯ ಬಸ್ಸಿನಲ್ಲಿ ಕುಳಿತು ಏನಾಗಲಿ ಎಂದು ಬೇಡಿಕೊಳ್ಳುವುದು ಅಂತ ನನಗೆ ತಿಳಿಯಲೇ ಇಲ್ಲ.

ಕಣ್ಣಿನ ಡಾಕ್ಟರು ವಯಸ್ಸಾದ ಮನುಷ್ಯ, ಮೆತ್ತಗಿನ ದನಿ. ಟಾರ್ಚು ಬಿಟ್ಟು, ಯಂತ್ರಕ್ಕೆ ಗದ್ದ ಊರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಎದುರಿಗೆ ಕುಳಿತು, ‘ಈಗ ನನ್ನ ಕೈ ನೋಡ್ರಿ. ಎಷ್ಟ ಬೆರಳು?’ ಎಂದರು.

ಗಯಾಸ್ ಕತ್ತು ಮುಂದೆ ಚಾಚಿದ. ಹಣೆಯಲ್ಲಿ ಬೆವರಿತ್ತು.

‘ಮೂರು,’ ಎಂದ.

‘ಈಗ?’

‘ಎರಡು.’

ಡಾಕ್ಟರು ಮತ್ತೇನೂ ಕೇಳಲಿಲ್ಲ. ಪೆನ್ನು ತೆಗೆದು ಬರೆಯತೊಡಗಿದರು.

ಗಯಾಸ್ ನಾನಿರುವೆನೆಂದು ಒಂದು ಬದಿಗೆ ತಿರುಗಿ ನಕ್ಕ. ನಾನು ಕುಳಿತದ್ದು ಅವನ ಇನ್ನೊಂದು ಬದಿಗೆ. ‘ಸರಿ ಹೇಳಿದೆನಲ್ರಿ ಮಾಸ್ತರ್?’

ಸೈಮಾ ಎದ್ದು ಬಂದು ಅವನ ಭುಜದ ಮೇಲೆ ಕೈ ಇಟ್ಟಳು.

‘ಅವರು ಕೈ ಎತ್ತೇ ಇರ್ಲಿಲ್ರಿ,’ ಎಂದಳು. ‘ಎರಡೂ ಸಲ ಕೈ ಮೇಜಿನ ಕೆಳಗಿತ್ತು.’

ಗಯಾಸನ ನಗು ಮುಖದಲ್ಲೇ ನಿಂತುಬಿಟ್ಟಿತು. ಡಾಕ್ಟರು ಕಾಗದದ ಮೇಲೆ ಠಸ್ಸೆ ಒತ್ತಿದ ಸದ್ದಿಗೆ ಅವನು ಬೆಚ್ಚಿಬಿದ್ದ.

‘ಹಂಗಾರ,’ ಎಂದ ಮೆಲ್ಲಗೆ, ‘ಟೀಮಿನಾಗ ನಾ ಅದೀನಿ ಅಂದಂಗಾತಲ್ರಿ ಮಾಸ್ತರ್?’

ಹತ್ತು ವರ್ಷ ಊರಿಗೆಲ್ಲ ಕೇಳುವಂತೆ ಅರಚಿದವನು ನಾನು. ಆದರೆ ಆ ಮಾತನ್ನು ಸೈಮಾಳೇ ಹೇಳಿದಳು:

‘ಹೌದ್ರಿ. ಅದೀರಿ.’